ಅತ್ತೆನ ಇಂಗ್ಲಿಷಲ್ಲಿ ‘ಶೀ’ ಅನ್ಬೇಕಾ ‘ದೇ’ ಅನ್ಬೇಕಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳನ್ನ ಟೇಬಲ್ ಮೇಲೆ ಹರಡಿಕೊಂಡು ನೋಡಿದ್ರೆ ಹೆಚ್ಚುಕಮ್ಮಿ ಎಲ್ಲಾ ಒಂದೇ ಕಡೆ ಬಂದು ನಿಲ್ತಿವೆ. ಐ, ಮಿ, ಹಿ, ಶೀ, ದೇ, ದಿಸ್, ಹೂ, ಅಂದ್ರೆ ಇಂಗ್ಲಿಷಿನ ಸರ್ವನಾಮಗಳು. ದೊಡ್ಡ ದೊಡ್ಡ ಪದಗಳೆಲ್ಲ ಬರತ್ತೆ ಮೇಡಂ, ಈ ಚಿಕ್ಕ ಪದಗಳಲ್ಲೇ ಎಡವ್ತೀವಿ ಅಂತ ಒಬ್ರು ಬರೆದಿದಾರೆ. ನಿಜವಾದ ಮಾತು. ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಎತ್ತಿಟ್ಟು ಈ ಸಲ ಪೂರ್ತಿ ಇದಕ್ಕೇ ಜಾಗ ಕೊಡ್ತಿದೀನಿ.

ಪ್ರಶ್ನೆ: ನಾನು ಒಂದು ಆಡಿಟರ್ ಆಫೀಸಲ್ಲಿ ಕೆಲಸಕ್ಕಿದೀನಿ. ಸೇರಿದ ಹೊಸದ್ರಲ್ಲಿ ‘ಮಿ ಅಂಡ್ ಮಂಜು ಫಿನಿಶ್ಡ್ ದಿ ಫೈಲ್’ ಅಂದಿದ್ದಕ್ಕೆ ಸರ್ ಎಲ್ಲರ ಮುಂದೆ ತಿದ್ದಿದ್ರು, ‘ಮಂಜು ಅಂಡ್ ಐ’ ಅನ್ಬೇಕು ಅಂತ. ಅವತ್ತಿಂದ ಎಲ್ಲಾ ಕಡೆ ‘ಐ’ ಅಂತಾನೇ ಹೇಳ್ಕೊಂಡು ಬಂದೆ. ಮೊನ್ನೆ ‘ದಿ ಕ್ಲೈಂಟ್ ಕಾಲ್ಡ್ ಮಂಜು ಅಂಡ್ ಐ’ ಅಂದೆ, ಅದೂ ತಪ್ಪಂತೆ. ಈಗ ಬಾಯಿ ತೆಗೆಯೋಕೇ ಭಯ ಆಗತ್ತೆ. ದಾರಿ ತೋರಿಸಿ.
ದಾವಣಗೆರೆಯ ಓದುಗರು

ಉತ್ತರ: ಮೊದಲು ಭಯ ಬಿಡಿ. ಇದು ನಿಮ್ಮೊಬ್ಬರ ತಪ್ಪಲ್ಲ, ಇಂಗ್ಲಿಷ್ ತಾಯ್ನುಡಿಯಾಗಿ ಇರೋರೂ ದಿನಾ ಮಾಡೋ ತಪ್ಪು. ಒಂದು ಸಲ ‘ಮಿ’ ಅಂದಿದ್ದಕ್ಕೆ ಬೈಸಿಕೊಂಡ ಮಗು ಆಮೇಲೆ ಜೀವನ ಪೂರ್ತಿ ‘ಐ’ ಅನ್ನೋದೇ ಸೇಫ್ ಅಂದ್ಕೊಂಡುಬಿಡತ್ತೆ. ಷೇಕ್ಸ್‌ಪಿಯರ್ ನಾಟಕ ‘ಮರ್ಚೆಂಟ್ ಆಫ್ ವೆನಿಸ್’ನಲ್ಲಿ ಆಂಟೋನಿಯೋ ಗೆಳೆಯನಿಗೆ ಬರೆಯೋ ಪತ್ರದಲ್ಲೂ ‘ಬಿಟ್ವೀನ್ ಯು ಅಂಡ್ ಐ’ ಅಂತಾನೇ ಇದೆ, ಇವತ್ತಿನ ಮೇಷ್ಟ್ರು ಯಾರಾದ್ರೂ ಆ ಪತ್ರ ನೋಡಿದ್ರೆ ಕೆಂಪು ಇಂಕಲ್ಲಿ ಗೆರೆ ಎಳೀತಾರೆ.

ಉಪಾಯ ಒಂದೇ ಇದೆ, ಮಂಜುನ ಸ್ವಲ್ಪ ಹೊತ್ತು ವಾಕ್ಯದಿಂದ ಹೊರಗೆ ಕಳಿಸಿ. ‘ದಿ ಕ್ಲೈಂಟ್ ಕಾಲ್ಡ್ ಐ’ ಅಂತ ನೀವು ಯಾವತ್ತಾದ್ರೂ ಹೇಳ್ತೀರಾ? ಇಲ್ಲ, ‘ಕಾಲ್ಡ್ ಮಿ’ ಅಂತೀರಿ. ಹಾಗಾದ್ರೆ ಮಂಜು ವಾಪಸ್ ಬಂದ ಮೇಲೂ ‘ಕಾಲ್ಡ್ ಮಂಜು ಅಂಡ್ ಮಿ’. ಅದೇ ರೀತಿ ‘ಮಿ ಫಿನಿಶ್ಡ್’ ಅನ್ನಲ್ಲ, ‘ಐ ಫಿನಿಶ್ಡ್’ ಅಂತೀರಿ, ಅದಕ್ಕೇ ‘ಮಂಜು ಅಂಡ್ ಐ ಫಿನಿಶ್ಡ್’. ಒಬ್ಬರೇ ಇದ್ದಾಗ ನಿಮ್ಮ ಕಿವಿಗೆ ಸರಿ ಯಾವುದು ಅಂತ ಚೆನ್ನಾಗಿ ಗೊತ್ತು, ಇಬ್ಬರಾದಾಗ ಮಾತ್ರ ಗೊಂದಲ.

ಕೆಲವರು ಕನ್ನಡದ ವಿಭಕ್ತಿ ಹಿಡ್ಕೊಂಡು ಹೋಗಿ ಅಂತ ಹೇಳ್ಕೊಡ್ತಾರೆ, ನಾನು ಅಂದ್ರೆ ಐ, ನನ್ನನ್ನು, ನನಗೆ ಅಂದ್ರೆ ಮಿ. ಸುಮಾರು ದೂರ ಇದು ನಡೆಯತ್ತೆ, ‘ನನ್ನನ್ನ ಕರೆದ್ರು’, ‘ನನಗೆ ಕೊಟ್ರು’ ಎರಡೂ ಮಿ. ಆದ್ರೆ ‘ನನಗೆ ಗೊತ್ತು’, ‘ನನಗೆ ಇಷ್ಟ’, ‘ನನಗೆ ಹಸಿವಾಗಿದೆ’, ‘ನನಗೆ ಅನ್ಸತ್ತೆ’, ಇಲ್ಲೆಲ್ಲ ಕನ್ನಡದಲ್ಲಿ ‘ನನಗೆ’ ಇದ್ರೂ ಇಂಗ್ಲಿಷಲ್ಲಿ ಐ ಬರತ್ತೆ. ನಮ್ಮ ಭಾಷೇಲಿ ಹಸಿವು, ಇಷ್ಟ, ಅರಿವು ಎಲ್ಲ ನಮ್ಮ ಹತ್ರ ಬರೋ ವಿಷಯಗಳು, ನಾವು ಮಾಡೋ ಕೆಲಸ ಅಲ್ಲ. ನನಗೆ ತುಂಬಾ ಖುಷಿ ಕೊಟ್ಟ ಸಂಗತಿ ಏನಂದ್ರೆ ಹಳೇ ಇಂಗ್ಲಿಷೂ ಹೀಗೇ ಇತ್ತು. ‘ಮಿಥಿಂಕ್ಸ್’ ಅಂತ ಹಳೇ ಪುಸ್ತಕಗಳಲ್ಲಿ ಬರತ್ತಲ್ಲ, ಅದು ಅಕ್ಷರಕ್ಷರ ನಮ್ಮ ‘ನನಗೆ ಅನ್ಸತ್ತೆ’. ಆಮೇಲೆ ಇಂಗ್ಲಿಷ್ ಆ ದಾರಿ ಬಿಟ್ಟು ಎಲ್ಲದಕ್ಕೂ ಐ ಮುಂದೆ ತಂದು ಕೂರಿಸ್ತು. ಅದಕ್ಕೇ ನಾನು ಮಂಜುನ ಹೊರಗೆ ಕಳಿಸೋ ಪರೀಕ್ಷೇನೇ ನಂಬೋದು, ಕನ್ನಡಕ್ಕೆ ತಿರುಗಿಸೋ ಪರೀಕ್ಷೇನ ಅಷ್ಟಾಗಿ ನಂಬಲ್ಲ.

ಇನ್ನು ಬಾಗಿಲು ತಟ್ಟಿ ‘ಯಾರು?’ ಅಂದಾಗ ‘ಇಟ್ಸ್ ಮಿ’ ಅನ್ನಿ. ‘ಇಟ್ ಈಸ್ ಐ’ ಅನ್ನೋದನ್ನ ಲ್ಯಾಟಿನ್ ವ್ಯಾಕರಣ ಮುಂದಿಟ್ಕೊಂಡ ಪಂಡಿತರು ಸರಿ ಅಂದ್ರು, ಮನೆ ಬಾಗಿಲಲ್ಲಿ ನಿಂತೋರು ಯಾರೂ ಹಾಗೆ ಹೇಳಲ್ಲ. ‘ಟಾಲರ್ ದ್ಯಾನ್ ಮಿ’ ಕೂಡ ಮಾತಲ್ಲಿ ಧಾರಾಳವಾಗಿ ನಡೆಯತ್ತೆ, ಅರ್ಜಿ, ರಿಪೋರ್ಟ್ ಬರೆಯುವಾಗ ‘ದ್ಯಾನ್ ಐ ಆಮ್’ ಅಂತ ಪೂರ್ತಿ ಬರೆದ್ರೆ ಯಾರ ತಕರಾರೂ ಇರಲ್ಲ.

ಪ್ರಶ್ನೆ: ನನ್ನ ಮಗ ಸೊಸೆ ಅಮೆರಿಕದಲ್ಲಿದಾರೆ. ವಿಡಿಯೋ ಕಾಲಲ್ಲಿ ಅವರ ಅಕ್ಕಪಕ್ಕದೋರು, ಫ್ರೆಂಡ್ಸು ಎಲ್ಲ ಮಾತಾಡಿಸ್ತಾರೆ. ನಮ್ಮ ಯಜಮಾನ್ರನ್ನ ತೋರಿಸಿ ‘ದಿಸ್ ಈಸ್ ಮೈ ಹಸ್ಬೆಂಡ್’ ಅನ್ನೋಕೆ ಬಾಯೇ ಬರಲ್ಲ, ‘ಇದು ನನ್ನ ಗಂಡ’ ಅಂದ ಹಾಗೆ ಕೇಳ್ಸತ್ತೆ. ನಮ್ಮತ್ತೆಯವ್ರಿಗೆ ಎಂಬತ್ತೆರಡು, ಅವರನ್ನ ‘ಶೀ’ ಅನ್ನೋಕೆ ಮನಸ್ಸು ಒಪ್ದೆ ‘ದೇ ಆರ್ ಸ್ಲೀಪಿಂಗ್’ ಅಂದೆ, ಆಯಮ್ಮ ‘ಮನೇಲಿ ಗೆಸ್ಟ್ಸ್ ಇದಾರಾ?’ ಅಂತ ಕೇಳಿದ್ಳು. ಇನ್ನೊಂದಿನ ಪಕ್ಕದ ಮನೆ ಬಾಣಂತಿ ಹತ್ರ ಮಗು ಬಗ್ಗೆ ‘ಈಸ್ ಇಟ್ ಡ್ರಿಂಕಿಂಗ್ ಮಿಲ್ಕ್?’ ಅಂದಿದ್ದಕ್ಕೆ ಅವಳ ಮುಖ ಸಣ್ಣದಾಯ್ತು. ನಾನೇನು ಕೆಟ್ಟದ್ದು ಅಂದೆ?
ಮೈಸೂರಿನ ಗೃಹಿಣಿ

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ ಅಮ್ಮ. ನೀವು ಕೆಟ್ಟದ್ದೇನೂ ಅಂದಿಲ್ಲ, ಮೂರೂ ಸಲ ಕನ್ನಡದ ಸಂಸ್ಕಾರದಂತೆ ನಡ್ಕೊಂಡಿದೀರಿ, ಆದ್ರೆ ಇಂಗ್ಲಿಷಲ್ಲಿ ಮರ್ಯಾದೆ ಇರೋ ಜಾಗ ಬೇರೆ.

ಗಂಡನ ವಿಷಯ ಮೊದಲು. ಕನ್ನಡದಲ್ಲಿ ಮನುಷ್ಯರನ್ನ ತೋರ್ಸೋಕೆ ‘ಇವರು’, ವಸ್ತು ತೋರ್ಸೋಕೆ ‘ಇದು’. ಇಂಗ್ಲಿಷಿನ ‘ದಿಸ್’ಗೆ ಆ ಭೇದ ಇಲ್ಲ, ಪರಿಚಯ ಮಾಡ್ಸೋ ಹೊತ್ತಲ್ಲಿ ಅದು ‘ಇವರು’ ಕೂಡ ಹೌದು. ಇನ್ನೂ ಹೇಳ್ಬೇಕಂದ್ರೆ ಅಲ್ಲಿ ‘ದಿಸ್’ ಅನ್ನೋದೇ ಮರ್ಯಾದೆ. ನಾವು ಮರ್ಯಾದೆ ಕೊಡ್ಬೇಕು ಅಂತ ‘ಹಿ ಈಸ್ ಮೈ ಹಸ್ಬೆಂಡ್’, ‘ಶೀ ಈಸ್ ಮೈ ಮದರ್ ಇನ್ ಲಾ’ ಅಂತ ಶುರು ಮಾಡ್ತೀವಿ, ಅದು ಎದುರಿಗೆ ಕೂತಿರೋರನ್ನ ಬೆರಳು ಮಾಡಿ ತೋರ್ಸಿದ ಹಾಗೆ ಆಗತ್ತೆ. ಇಂಗ್ಲೆಂಡಿನ ಮನೆಗಳಲ್ಲಿ ಅಮ್ಮ ಎದುರಿಗಿರುವಾಗ್ಲೇ ಮಕ್ಕಳು ‘ಶೀ ಹಾಗಂದ್ಳು’ ಅಂದ್ರೆ ‘ಯಾರು ಶೀ ಅಂದ್ರೆ, ಬೆಕ್ಕಿನ ತಾಯಿನಾ?’ ಅಂತ ಗದರ್ಸೋ ರೂಢಿ ಇತ್ತು. ನಮ್ಮ ಮನೇಲಿ ದೊಡ್ಡಮ್ಮನ ಮುಂದೆ ಯಾರಾದ್ರೂ ‘ಅವಳು’ ಅಂದ್ರೆ ಹೇಗೆ ಎಲ್ಲಾ ತಿರುಗಿ ನೋಡ್ತಾರೋ ಹಾಗೆ. ಆದ್ರಿಂದ ಮೊದಲ ಸಲ ‘ದಿಸ್ ಈಸ್ ಮೈ ಹಸ್ಬೆಂಡ್’, ಆಮೇಲೆ ಮಾತು ಮುಂದುವರೀತಾ ಹಿ ಅಂದ್ರೆ ಏನೂ ಕೊರತೆ ಇಲ್ಲ. ನಾನೂ ಮದುವೆಯಾದ ಹೊಸದ್ರಲ್ಲಿ ಮನೆಗೆ ಬಂದ ಒಬ್ಬ ಪರದೇಶದ ಅತಿಥಿಗೆ ಅತ್ತೆಯವರನ್ನ ತೋರಿಸಿ ‘ಶೀ’ ಅಂತ ಶುರು ಮಾಡಿದ್ದೆ, ದಿಸ್ ಅಂದ್ರೆ ಅವರಿಗೆ ಅವಮಾನ ಅಂತಾನೇ ಅಂದ್ಕೊಂಡಿದ್ದೆ. ಅತ್ತೆಗೆ ಇಂಗ್ಲಿಷ್ ಬರ್ತಿರಲಿಲ್ಲ, ಕೈ ಮುಗಿದು ನಿಂತಿದ್ರು ಪಾಪ. ಆ ಅತಿಥಿ ನನ್ನ ಮುಖಾನೇ ನೋಡ್ತಿದ್ದಿದ್ದು ಇವತ್ತಿಗೂ ನೆನಪಿದೆ.

ಅತ್ತೆಯವರ ‘ದೇ’ಗೆ ಬರೋಣ. ಕನ್ನಡದ ‘ಅವರು’ ಎರಡು ಕೆಲಸ ಮಾಡತ್ತೆ, ತುಂಬಾ ಜನ ಇದ್ರೂ ಅವರು, ಒಬ್ಬರಿಗೇ ಮರ್ಯಾದೆ ಕೊಟ್ರೂ ಅವರು. ಹಾಗಾಗಿ ‘ಅವರು ಮಲಗಿದಾರೆ’ ಅನ್ನೋದು ನೇರವಾಗಿ ‘ದೇ ಆರ್ ಸ್ಲೀಪಿಂಗ್’ ಆಗಿ ಬಾಯಿಗೆ ಬಂದುಬಿಡತ್ತೆ. ಇಂಗ್ಲಿಷಲ್ಲಿ ಯಾರು ಅಂತ ಗೊತ್ತಿರೋ ಒಬ್ಬ ಹೆಂಗಸಿಗೆ ಶೀ, ಅವರು ರಾಣಿಯಾದ್ರೂ ಸರಿ, ಮನೆ ಕೆಲಸದವರಾದ್ರೂ ಸರಿ. ಎಲಿಜಬೆತ್ ರಾಣಿ ಬಗ್ಗೆ ಅಲ್ಲಿನ ಪೇಪರ್‌ಗಳು ಎಪ್ಪತ್ತು ವರ್ಷ ಶೀ ಅಂತಾನೇ ಬರೆದ್ವು, ಅದ್ರಲ್ಲಿ ಅಗೌರವ ಇರಲಿಲ್ಲ. ಮರ್ಯಾದೆ ಕೊಡಲೇಬೇಕು ಅನ್ಸಿದ್ರೆ ಸರ್ವನಾಮದಲ್ಲಿ ಹುಡುಕ್ಬೇಡಿ, ‘ಮೈ ಮದರ್ ಇನ್ ಲಾ ಈಸ್ ರೆಸ್ಟಿಂಗ್’ ಅಂತ ಸಂಬಂಧ ಹೇಳಿ, ಆಮೇಲೆ ಶೀ ತಾನಾಗೇ ಬರಲಿ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಇಂಗ್ಲಿಷಿಗೆ ‘ನೀನು, ನೀವು’ ಗೊತ್ತಿಲ್ಲ, ಎಲ್ಲರಿಗೂ ಯು ಅಂತಾರೆ ಅಂತ ನಾವು ದೂರ್ತೀವಿ. ಒಂದ್ಕಾಲದಲ್ಲಿ ಅವರಿಗೂ ಎರಡಿತ್ತು, ‘ದೌ’ ಅಂದ್ರೆ ನೀನು, ‘ಯು’ ಅಂದ್ರೆ ನೀವು. ಕಾಲ ಕಳೆದ ಹಾಗೆ ಬಿದ್ದುಹೋಗಿದ್ದು ದೌ, ಉಳ್ಕೊಂಡಿದ್ದು ಯು. ಅಂದ್ರೆ ಇವತ್ತು ಇಂಗ್ಲಿಷಿನೋರು ನಾಯಿಗೂ ಮಗುಗೂ ಮಂತ್ರಿಗೂ ಹೇಳ್ತಿರೋದು ನಮ್ಮ ‘ನೀವು’ನೇ.

ಕೊನೆಗೆ ಆ ಮಗು. ಕನ್ನಡದಲ್ಲಿ ಮಗು ನಪುಂಸಕ, ‘ಮಗು ಅಳ್ತಿದೆ’, ‘ಹಾಲು ಕುಡೀತಾ ಅದು?’ ಅಂತೀವಿ, ಅದ್ರಲ್ಲಿ ತುಂಬಾ ಪ್ರೀತಿ ಇದೆ. ಹವ್ಯಕರ ಮನೆಗಳಲ್ಲಂತೂ ಅಕ್ಕ, ಅಮ್ಮನ ಬಗ್ಗೆ ಮಾತಾಡುವಾಗ್ಲೂ ‘ಬಂತು’ ಅಂತಾನೇ ಅನ್ನೋದು, ಅದು ಅವರ ನುಡಿಯ ಮರ್ಯಾದೆ. ಇಂಗ್ಲಿಷಿನ ಇಟ್‌ನಲ್ಲಿ ಈ ಅಕ್ಕರೆ ಇಲ್ಲ, ಅದು ಕುರ್ಚಿಗೆ, ಮಳೆಗೆ, ಫೈಲಿಗೆ. ಹುಟ್ಟಿದ್ದು ಗಂಡೋ ಹೆಣ್ಣೋ ಗೊತ್ತಿಲ್ಲದಾಗ ‘ಈಸ್ ಇಟ್ ಎ ಬಾಯ್ ಆರ್ ಎ ಗರ್ಲ್?’ ಅಂತ ಒಂದು ಸಲ ಕೇಳ್ಬಹುದು, ಗೊತ್ತಾದ ಮೇಲೆ ತಾಯಿ ಎದುರು ಮತ್ತೆ ಇಟ್ ಅನ್ಬಾರ್ದು. ಗೊತ್ತಿಲ್ದಿದ್ರೆ ‘ಹೌ ಈಸ್ ದಿ ಲಿಟಲ್ ಒನ್?’ ಅನ್ನಿ, ನಮ್ಮ ‘ಪುಟ್ಟ ಹೇಗಿದೆ?’ ಅನ್ನೋದಕ್ಕೆ ಹತ್ರ ಬರತ್ತೆ. ಆ ಬಾಣಂತಿಗೆ ನಿಮ್ಮ ಸೊಸೆ ಕೈಲಿ ವಿಷಯ ಹೇಳ್ಸಿ, ಕನ್ನಡದಲ್ಲಿ ಮಗುನ ಹಾಗೇ ಅನ್ನೋದು ಅಂತ. ಖಂಡಿತ ಅರ್ಥ ಮಾಡ್ಕೋತಾಳೆ.

ಪ್ರಶ್ನೆ: ನಮಸ್ಕಾರ್ರಿ. ನಂದು ಒಂದು ಮೊಬೈಲ್ ಅಂಗಡಿ ಐತ್ರಿ. ಹೊರಗಿನ ಮಂದಿ ಬಂದ್ರ ಇಂಗ್ಲಿಷ್‌ದಾಗ ಮಾತಾಡ್ಬೇಕಾಗ್ತೈತಿ. ‘ಸಮ್‌ಬಡಿ’ ಎಲ್ಲೆ, ‘ಎನಿಬಡಿ’ ಎಲ್ಲೆ ಅನ್ನೂದು ಗೊತ್ತಾಗವಲ್ದು. ಪ್ರಶ್ನೆ ಇದ್ರ ಎನಿ ಅಂತ ಸಾಲ್ಯಾಗ ಕಲಿಸಿದ್ರು, ಆದ್ರ ಮಂದಿ ಹಂಗ ಮಾತಾಡೂದಿಲ್ಲ.
ಧಾರವಾಡದ ಓದುಗರು

ಉತ್ತರ: ನಿಮ್ಮ ಕಿವಿ ಚುರುಕಾಗಿದೆ ಸರ್, ಸಾಲಿಯ ಆ ನಿಯಮ ಅರ್ಧ ಮಾತ್ರ ನಿಜ. ಇಲ್ಲಿ ಕನ್ನಡವೇ ನಿಮಗೆ ದಾರಿ ತೋರ್ಸತ್ತೆ, ಇಂಗ್ಲಿಷಿಗಿಂತ ನಮ್ಮಲ್ಲೇ ಇದು ಸ್ವಚ್ಛವಾಗಿದೆ. ‘ಯಾರೋ’ ಅಂದ್ರೆ ಸಮ್‌ಬಡಿ, ‘ಯಾರಾದ್ರೂ’ ಅಂದ್ರೆ ಎನಿಬಡಿ, ‘ಯಾರೂ ಇಲ್ಲ’ ಅಂದ್ರೆ ನೋಬಡಿ. ಅಂಗಡಿಗೆ ಊಟ ಮುಗಿಸಿ ವಾಪಸ್ ಬಂದ್ರಿ ಅಂದ್ಕೊಳ್ಳಿ. ಹುಡುಗನ್ನ ‘ಯಾರಾದ್ರೂ ಬಂದಿದ್ರೇನು?’ ಅಂತ ಕೇಳಿದ್ರೆ ನಿಮಗೆ ಏನೂ ಗೊತ್ತಿಲ್ಲ, ಅದು ‘ಡಿಡ್ ಎನಿಬಡಿ ಕಮ್?’. ಕೌಂಟರ್ ಮೇಲೆ ಬಿಚ್ಚಿಟ್ಟ ಮೊಬೈಲ್ ಕಂಡು ‘ಯಾರೋ ಬಂದಿದ್ರಲ್ಲ?’ ಅಂದ್ರೆ ಬಂದಿದ್ದು ನಿಮಗೆ ಆಗ್ಲೇ ಗೊತ್ತಾಗಿದೆ, ಅದು ‘ಡಿಡ್ ಸಮ್‌ಬಡಿ ಕಮ್?’. ಎರಡೂ ಪ್ರಶ್ನೆನೇ, ಒಂದ್ರಲ್ಲಿ ಸುಳಿವಿದೆ, ಇನ್ನೊಂದ್ರಲ್ಲಿ ಇಲ್ಲ. ಗಿರಾಕಿಗೆ ಚಾ ಕೊಡುವಾಗ ‘ವುಡ್ ಯು ಲೈಕ್ ಸಮ್‌ಥಿಂಗ್?’ ಅನ್ನೋದು ಕೂಡ ಇದೇ ಕಾರಣಕ್ಕೆ, ಹೌದು ಅನ್ನಲಿ ಅಂತ ನಿಮ್ಮ ಮನಸ್ಸಲ್ಲಿದೆ, ಎನಿಥಿಂಗ್ ಅಂದ್ರೂ ತಪ್ಪಲ್ಲ ಆದ್ರೆ ಸಮ್‌ಥಿಂಗ್‌ನಲ್ಲಿ ಉಪಚಾರ ಜಾಸ್ತಿ.

‘ಯಾರು ಬೇಕಾದ್ರೂ ಮಾಡ್ಬಹುದು’ ಅನ್ನೋ ಕಡೆ ಪ್ರಶ್ನೆ ಇಲ್ದಿದ್ರೂ ಎನಿಬಡಿನೇ, ‘ಎನಿಬಡಿ ಕ್ಯಾನ್ ಡು ಇಟ್’. ಎಚ್ಚರ ಇರ್ಬೇಕಾದ್ದು ಒಂದೇ ಕಡೆ. ಕನ್ನಡದಲ್ಲಿ ‘ಯಾರೂ’ ಜೊತೆ ‘ಬಂದಿಲ್ಲ’ ಬರಲೇಬೇಕು, ಅದೇ ಅಭ್ಯಾಸದಲ್ಲಿ ‘ನೋಬಡಿ ಡಿಡ್ ನಾಟ್ ಕಮ್’ ಅಂದ್ರೆ ಎಲ್ಲರೂ ಬಂದ್ರು ಅಂತ ಆಗೋಗತ್ತೆ. ನೋಬಡಿ ಒಳಗೇ ‘ಇಲ್ಲ’ ಕೂತಿದೆ, ‘ನೋಬಡಿ ಕೇಮ್’ ಅಂದ್ರೆ ಸಾಕು.

ಪ್ರಶ್ನೆ: ಹೋಟೆಲ್ ರಿಸೆಪ್ಶನ್ನಲ್ಲಿದೀನಿ. ಫೋನ್ ಬಂದಾಗ ‘ಹೂಮ್ ಶಲ್ ಐ ಸೇ ಈಸ್ ಕಾಲಿಂಗ್?’ ಅಂತ ಕೇಳ್ಬೇಕು ಅಂತ ಟ್ರೈನಿಂಗಲ್ಲಿ ಹೇಳ್ಕೊಟ್ರು. ಒಬ್ಬ ಗೆಸ್ಟ್ ಅದು ತಪ್ಪು ಅಂದ್ರು. ಹೌದಾ? ಇನ್ನೊಂದು, ಅವತ್ತು ಒಬ್ಬ ಗೆಸ್ಟ್ ಎದುರು ನಮ್ಮ ಸ್ಟಾಫ್‌ಗೆ ‘ವಿ ಆರ್ ಗೋಯಿಂಗ್ ಫಾರ್ ಲಂಚ್’ ಅಂದೆ, ಗೆಸ್ಟ್ ತಾವೂ ಹೊರಡೋಕೆ ಎದ್ದುನಿಂತ್ರು.
ಮಂಗಳೂರಿನ ಓದುಗರು

ಉತ್ತರ: ಗೆಸ್ಟ್ ಹೇಳಿದ್ದೇ ಸರಿ. ‘ಶಲ್ ಐ ಸೇ’ ಅನ್ನೋದನ್ನ ಕೈಯಲ್ಲಿ ಮುಚ್ಚಿ ನೋಡಿ, ‘ಹೂಮ್ ಈಸ್ ಕಾಲಿಂಗ್’ ಉಳಿಯತ್ತೆ, ಅದು ‘ಯಾರನ್ನು ಫೋನ್ ಮಾಡ್ತಿದಾರೆ’ ಅಂದ ಹಾಗೆ. ಫೋನ್ ಮಾಡ್ತಿರೋದು ‘ಯಾರು’, ಅದಕ್ಕೆ ಹೂ. ‘ಮೇ ಐ ನೋ ಹೂ ಈಸ್ ಕಾಲಿಂಗ್?’ ಅಂದ್ರೆ ಸಾಕು, ಅದೇ ಚೆಂದ. ಹೂಮ್ ಇವತ್ತು ಮಾತಿನಿಂದ ಹೆಚ್ಚುಕಮ್ಮಿ ಹೊರಟೇ ಹೋಗಿದೆ, ಎಡ್ವರ್ಡ್ ಸಪೀರ್ ಅನ್ನೋ ಭಾಷಾಶಾಸ್ತ್ರಜ್ಞರು 1921ರಲ್ಲೇ ಇದು ಹೋಗತ್ತೆ ಅಂತ ಬರೆದಿದ್ರು. ‘ಟು’, ‘ವಿತ್’ ಇಂಥವು ಮುಂದೆಯೇ ಕೂತಾಗ ಮಾತ್ರ ಉಳ್ಸಿಕೊಳ್ಳಿ, ‘ಟು ಹೂಮ್ ಇಟ್ ಮೇ ಕನ್ಸರ್ನ್’ ಥರ.

ವಿ ವಿಷಯ ನಿಮಗೆ ಸುಲಭ, ತುಳು ಬರತ್ತಲ್ಲ? ‘ನಮ’ ಅಂದ್ರೆ ನೀನೂ ಸೇರಿ ನಾವು, ‘ಎಂಕುಲು’ ಅಂದ್ರೆ ನಿನ್ನ ಬಿಟ್ಟು ನಾವು. ತಮಿಳು, ತೆಲುಗಲ್ಲೂ ಈ ಭೇದ ಇದೆ, ಕನ್ನಡದ ‘ನಾವು’ಗೂ ಇಂಗ್ಲಿಷಿನ ವಿಗೂ ಇಲ್ಲ. ಅದಕ್ಕೇ ಎಂಕುಲು ಅನ್ನೋ ಅರ್ಥ ಬೇಕಾದಾಗ ‘ದಿ ಸ್ಟಾಫ್ ಆರ್ ಗೋಯಿಂಗ್ ಫಾರ್ ಲಂಚ್’ ಅಂತ ಬಿಡಿಸಿ ಹೇಳಿ.

ಪ್ರಶ್ನೆ: ‘ಮೈಸೆಲ್ಫ್ ಸೋ ಅಂಡ್ ಸೋ’ ಅಂತ ಇಂಟರ್‌ವ್ಯೂನಲ್ಲಿ ಹೇಳ್ಬಹುದಾ?
ತುಮಕೂರಿನ ವಿದ್ಯಾರ್ಥಿ

ಉತ್ತರ: ಬೇಡ. ‘ಐ ಆಮ್’ ಅನ್ನಿ. ಕನ್ನಡದಲ್ಲಿ ‘ಕೊಂಡೆ’ ಬಂದು ಕೆಲಸ ತನಗೇ ತಿರುಗಿದಾಗ, ‘ಕೈ ಸುಟ್ಕೊಂಡೆ’ ಥರ, ಅಥವಾ ‘ನಾನೇ ಖುದ್ದಾಗಿ ಮಾಡಿದೆ’ ಅನ್ನೋವಾಗ ಮೈಸೆಲ್ಫ್ ಸರಿ. ‘ಪ್ಲೀಸ್ ಕಾಂಟ್ಯಾಕ್ಟ್ ಮೈಸೆಲ್ಫ್’ ಕೂಡ ಬೇಡ, ‘ಮಿ’ ಅನ್ನೋದ್ರಲ್ಲಿ ಯಾವ ಅಹಂಕಾರವೂ ಇಲ್ಲ.

ಪ್ರಶ್ನೆ: ನಮ್ಮ ಟೀಮಿಗೆ ಬಂದ ಹೊಸ ಮೆಂಬರ್ ಇಮೇಲ್ ಕೆಳಗೆ ‘ದೇ, ದೆಮ್’ ಅಂತ ಹಾಕ್ತಾರೆ. ಒಬ್ಬರಿಗೆ ದೇ ಅನ್ನೋದು ಗ್ರಾಮರ್ ಪ್ರಕಾರ ತಪ್ಪಲ್ವಾ? ಮೀಟಿಂಗಲ್ಲಿ ಹೆಸರೇ ಹೇಳಿ ತಪ್ಪಿಸ್ಕೊಳ್ತಿದೀನಿ.
ಬೆಂಗಳೂರಿನ ಓದುಗರು

ಉತ್ತರ: ತಪ್ಪಲ್ಲ. ಒಬ್ಬರಿಗೆ ದೇ ಅನ್ನೋದು ಇವತ್ತಿನ ಫ್ಯಾಷನ್ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಆದ್ರೆ ಯಾರು ಅಂತ ಗೊತ್ತಿಲ್ಲದ ಒಬ್ಬರ ಬಗ್ಗೆ ಹೀಗೆ ಹೇಳೋದು ಇಂಗ್ಲಿಷಲ್ಲಿ 14ನೇ ಶತಮಾನದಿಂದ ಇದೆ. ‘ಯಾರೋ ಫೋನ್ ಮಾಡಿದ್ರು, ಹೆಸರು ಹೇಳ್ಲಿಲ್ಲ’ ಅಂತ ನೀವು ಕನ್ನಡದಲ್ಲಿ ಹೇಳುವಾಗ ಗಂಡಸೋ ಹೆಂಗಸೋ ಅಂತ ಯೋಚನೆ ಮಾಡ್ತೀರಾ? ಇಂಗ್ಲಿಷಲ್ಲೂ ಹಾಗೇ, ‘ಸಮ್‌ಒನ್ ಕಾಲ್ಡ್, ಬಟ್ ದೇ ಡಿಡ್ ನಾಟ್ ಲೀವ್ ದೇರ್ ನೇಮ್’. ನಡುವೆ ವ್ಯಾಕರಣದ ಪಂಡಿತರು ಬಂದು ಹಿ ಅಂದ್ರೆ ಎಲ್ಲರೂ ಸೇರಿದ ಹಾಗೆ ಅಂದ್ರು. ಕಾನೂನಲ್ಲೂ ಅದೇ ಬಂತು, 1850ರ ಬ್ರಿಟಿಷ್ ಕಾಯ್ದೆಯಲ್ಲಿತ್ತು, ನಮ್ಮ ದೇಶದ 1897ರ ಜನರಲ್ ಕ್ಲಾಸಸ್ ಆಕ್ಟ್‌ನ 13ನೇ ಸೆಕ್ಷನ್‌ನಲ್ಲಿ ಇವತ್ತಿಗೂ ಪುಲ್ಲಿಂಗದ ಪದಗಳಲ್ಲಿ ಹೆಂಗಸರೂ ಸೇರ್ತಾರೆ ಅಂತಾನೇ ಇದೆ.

ಗೊತ್ತಿರೋ ಒಬ್ಬ ವ್ಯಕ್ತಿ ತನ್ನನ್ನ ಗಂಡು ಅಂತಾನೂ ಹೆಣ್ಣು ಅಂತಾನೂ ಗುರುತಿಸಿಕೊಳ್ದೆ ದೇ ಅನ್ನಿ ಅಂತ ಕೇಳೋದು ಮಾತ್ರ ಇತ್ತೀಚಿನದು. ಮೆರಿಯಮ್ ವೆಬ್‌ಸ್ಟರ್ ಡಿಕ್ಷನರಿ 2019ರಲ್ಲಿ ದೇ ಪದವನ್ನೇ ವರ್ಷದ ಪದ ಅಂತ ಆರಿಸ್ತು. ಕನ್ನಡದವರಿಗೆ ಇದು ಕಷ್ಟ ಆಗ್ಬಾರ್ದು ಅಂತ ನನ್ನ ನಂಬಿಕೆ. ‘ಅವರು ಬಂದ್ರು’ ಅನ್ನೋದ್ರಲ್ಲಿ ಲಿಂಗ ಇಲ್ಲ, ಒಬ್ಬರೇ ಇದ್ರೂ ಬಹುವಚನ, ಜೊತೆಗೆ ಮರ್ಯಾದೆ. ಹುಟ್ಟಿದಾಗಿನಿಂದ ಮಾಡ್ತಿರೋ ಅಭ್ಯಾಸ ಇದು. ಮೈಸೂರಿನ ಅಮ್ಮನಿಗೆ ಅತ್ತೆನ ದೇ ಅನ್ಬೇಡಿ ಅಂದೆ, ಯಾಕಂದ್ರೆ ಆ ಅತ್ತೆಯನ್ನ ಇಂಗ್ಲಿಷಲ್ಲಿ ಶೀ ಅಂದ್ರೆ ಅವರಿಗೆ ನೋವಿಲ್ಲ. ನಿಮ್ಮ ಟೀಮಿನವರು ಬಾಯಿಬಿಟ್ಟು ಕೇಳಿದಾರೆ, ಅವರಿಗೆ ದೇ ಅನ್ನೋದೇ ಸರಿ. ಕ್ರಿಯಾಪದ ಮಾತ್ರ ‘ದೇ ಆರ್’, ‘ದೇ ಹ್ಯಾವ್’. ಹೆಸರು ಹೇಳಿ ತಪ್ಪಿಸ್ಕೊಳ್ಳೋದು ಎಷ್ಟು ದಿನ ಆಗತ್ತೆ, ಎರಡು ಮೀಟಿಂಗಲ್ಲಿ ಧೈರ್ಯ ಮಾಡಿ ಹೇಳಿ, ಬಾಯಿಗೆ ಕೂತುಕೊಳ್ಳತ್ತೆ. ಮರೆತು ಹಿ ಅಂದ್ರೆ ‘ಸಾರಿ, ದೇ’ ಅಂತ ತಿದ್ಕೊಂಡು ಮುಂದೆ ಹೋಗಿ, ದೊಡ್ಡ ಕ್ಷಮಾಪಣೆ ಬೇಡ, ಅದು ಅವರಿಗೇ ಮುಜುಗರ.

ಪ್ರಶ್ನೆ: ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ನಾನು ‘ರಮೇಶ್ ಟೋಲ್ಡ್ ಸುರೇಶ್ ದಟ್ ಹಿಸ್ ಲೋನ್ ವಾಸ್ ರಿಜೆಕ್ಟೆಡ್’ ಅಂತ ಹಾಕಿದೆ. ಲೋನ್ ರಿಜೆಕ್ಟ್ ಆಗಿದ್ದು ಸುರೇಶ್‌ದು. ಎಲ್ಲಾರೂ ರಮೇಶ್‌ಗೆ ಫೋನ್ ಮಾಡಿ ಸಮಾಧಾನ ಹೇಳಿದ್ರು, ಅವನು ನನ್ನ ಮೇಲೆ ಕೋಪ ಮಾಡ್ಕೊಂಡ. ಎಲ್ಲಿ ತಪ್ಪಾಯ್ತು?
ಶಿವಮೊಗ್ಗದ ಓದುಗರು

ಉತ್ತರ: ನಿಮ್ಮ ವಾಕ್ಯದಲ್ಲಿ ತಪ್ಪಿಲ್ಲ, ಇಂಗ್ಲಿಷಿನ ‘ಹಿಸ್’ ಇಬ್ಬರಿಗೂ ಸಲ್ಲತ್ತೆ, ಕೊರತೆ ಅಲ್ಲಿರೋದು. ಕನ್ನಡದಲ್ಲಿ ಇದಕ್ಕೆ ಬೇಲಿ ಇದೆ. ‘ತನ್ನ ಲೋನ್ ರಿಜೆಕ್ಟ್ ಆಯ್ತು ಅಂತ ರಮೇಶ ಸುರೇಶನಿಗೆ ಹೇಳ್ದ’ ಅಂದ್ರೆ ಲೋನು ರಮೇಶಂದು, ಹೇಳ್ದವನಿಗೇ ತಿರುಗೋದು ‘ತನ್ನ’. ‘ಅವನ ಲೋನ್’ ಅಂದ್ರೆ ಬೇರೆಯವನದು. ‘ಅವನು ತನ್ನ ಹೆಂಡತಿ ಜೊತೆ ಬಂದ’ ಅನ್ನೋದಕ್ಕೂ ‘ಅವನ ಹೆಂಡತಿ ಜೊತೆ ಬಂದ’ ಅನ್ನೋದಕ್ಕೂ ಎಷ್ಟು ವ್ಯತ್ಯಾಸ ಅಂತ ನಮ್ಮ ಹಳ್ಳಿ ಮಕ್ಕಳಿಗೂ ಗೊತ್ತು. ಇಂಗ್ಲಿಷಲ್ಲಿ ಎರಡಕ್ಕೂ ‘ಹಿಸ್ ವೈಫ್’ ಒಂದೇ. ನಮ್ಮ ‘ತಾನು, ತನ್ನ’ ಎಷ್ಟು ಬೆಲೆ ಬಾಳೋ ಪದ ಅಂತ ನನಗೆ ಇಂಗ್ಲಿಷ್ ಪಾಠ ಮಾಡೋಕೆ ಶುರು ಮಾಡಿದ ಮೇಲೇ ಅರಿವಾಗಿದ್ದು.

ಇಬ್ಬರು ಗಂಡಸರು, ಅಥವಾ ಇಬ್ಬರು ಹೆಂಗಸರು ಒಂದೇ ವಾಕ್ಯದಲ್ಲಿದ್ರೆ ಸರ್ವನಾಮ ನೆಚ್ಕೋಬೇಡಿ, ಹೆಸರನ್ನೇ ಮತ್ತೊಂದು ಸಲ ಬರೆಯಿರಿ. ಇವತ್ತೇ ಗ್ರೂಪಲ್ಲಿ ಹೀಗೆ ಹಾಕ್ಬಿಡಿ: ‘ಸುರೇಶ್ಸ್ ಲೋನ್ ವಾಸ್ ರಿಜೆಕ್ಟೆಡ್. ರಮೇಶ್ ಗೇವ್ ಹಿಮ್ ದಿ ನ್ಯೂಸ್.’ ಹಾಕೋಕೆ ಮುಂಚೆ ಸುರೇಶ್‌ಗೆ ಒಂದು ಮಾತು ಕೇಳಿ, ಅವನ ಲೋನ್ ವಿಷಯ ಮತ್ತೆ ಎಲ್ಲರ ಮುಂದೆ ಬರೋದು ಅವನಿಗೆ ಇಷ್ಟ ಇದೆಯಾ ಅಂತ. ಬೇಡ ಅಂದ್ರೆ ರಮೇಶ್‌ಗೆ ಮಾತ್ರ ಫೋನ್ ಮಾಡಿ, ಕನ್ನಡದಲ್ಲೇ ಹೇಳಿ.